ಎಡಗಡೆಯ ಹಿಂದಿನ ಬಾಗಿಲು

ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಹಾಲು ತರಲು ಗೇಟು ತೆಗೆದವನು ಹಾಗೇ ನಿಂತು ನನ್ನ ಕಾರನ್ನು ನೋಡಿದೆ. ಕೊಂಡು ಒಂಬತ್ತು ವರ್ಷವಾದ ಕೆಂಪು ಕಾರು. ಅಷ್ಟು ವರ್ಷ ಅದನ್ನು ಓಡಿಸಿದ್ದೆನೇ ಹೊರತು ನೋಡಿರಲಿಲ್ಲ. ನೋಡಿಕೊಳ್ಳುವುದು ಅಪ್ಪನ ಪಾಲಿಗಿತ್ತು. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲೆ ಸುತ್ತುಸುತ್ತಾದ ಸಣ್ಣ ಗೀರುಗಳು ಲೆಕ್ಕವಿಲ್ಲದಷ್ಟು ಎದ್ದು ಕಂಡವು. ಬೋರ್‌ವೆಲ್ಲಿನ ಸವಳು ನೀರು ಒಣಗಿ ಉಳಿದ ಬಿಳಿ ಕಲೆಗಳಿದ್ದವು. ತಿಕೋಟಾ ಕಡೆ ದ್ರಾಕ್ಷಿ ತೋಟಗಳ ಪಕ್ಕ ಹೋಗುವಾಗ ಗಾಳಿಗೆ ಹಾರಿ ಬಂದು ಕೂತ ಔಷಧಿಯ ಚುಕ್ಕೆಗಳಿದ್ದವು. ಎಡಗಡೆಯ ಹಿಂದಿನ ಬಾಗಿಲಂತೂ ಉಳಿದವುಗಳಿಗಿಂತ ಹೆಚ್ಚು ಮಾಸಿ, ಸುಣ್ಣ ಮೆತ್ತಿದ ಹಾಗೆ ಕಾಣುತ್ತಿತ್ತು. ಮಧ್ಯಾಹ್ನದ ಬಿಸಿಲು ಆ ಬದಿಗೇ ಹೊಡೆಯುತ್ತದಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ಗೀರುಗಳು ಯಾರವು ಎಂದು ನನಗೆ ಗೊತ್ತಿತ್ತು. ಅಪ್ಪನವು.

ಅಪ್ಪ ಸರಕಾರಿ ಬಸ್ಸಿನ ಚಾಲಕ. ತಿಕೋಟಾದ ರಸ್ತೆ, ಬಬಲೇಶ್ವರದ ರಸ್ತೆ, ಇವೆರಡರಲ್ಲೇ ಅವನ ನೌಕರಿಯ ಬಹುಪಾಲು ಕಳೆಯಿತು. ಮೂವತ್ತು ವರ್ಷದಲ್ಲಿ ಒಂದು ನಾಯಿಗೂ ಬಸ್ಸು ತಾಗಿಸದವನು ಎಂದು ಡಿಪೋದಲ್ಲಿ ಹೆಸರು. ಅಪಘಾತ ಮಾಡದ್ದಕ್ಕೆ ಕೊಟ್ಟ ಬೆಳ್ಳಿಯ ಪದಕ ಪಡಸಾಲೆಯ ಗೋಡೆಯಲ್ಲಿ, ಅವ್ವನ ಫೋಟೋದ ಪಕ್ಕದಲ್ಲಿತ್ತು. ಮನೆಗೆ ಬಂದವರು ಅದರ ಬಗ್ಗೆ ಕೇಳದಿದ್ದರೆ ಅಪ್ಪನೇ ಹೇಗೋ ಮಾತನ್ನು ಅತ್ತ ತಿರುಗಿಸುತ್ತಿದ್ದ. ನಿವೃತ್ತಿಯಾದ ಮೇಲೆ ಖಾಕಿ ಅಂಗಿಗಳನ್ನು ಕತ್ತರಿಸಿ ಚೌಕ ಮಾಡಿ ಇಟ್ಟುಕೊಂಡ. ನಾನು ಕಾರು ಕೊಂಡಾಗ ಆ ಚೌಕಗಳಿಗೆ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಚಹಾ ಕುಡಿದು, ಒಣ ಖಾಕಿ ಬಟ್ಟೆ ಹಿಡಿದು, ರಾತ್ರಿ ಕೂತ ಧೂಳನ್ನು ಪರಪರ ಒರೆಸುತ್ತಿದ್ದ. ಇಲ್ಲಿಯ ಧೂಳೆಂದರೆ ಹಿಟ್ಟಿನಂಥದ್ದಲ್ಲ, ಸಣ್ಣ ಮರಳಿನಂಥದ್ದು. ಅದನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಬಣ್ಣಕ್ಕೆ ಉಪ್ಪುಕಾಗದ ತಿಕ್ಕಿದ ಹಾಗೇ ಆಗುತ್ತದೆ. ಒರೆಸಿದಷ್ಟೂ ಗೀರು.

ಇದು ನನಗೆ ತಿಳಿದದ್ದು ಫೋನಿನಲ್ಲಿ ಒಂದು ವೀಡಿಯೊ ನೋಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ನಿನ್ನೆ ರಾತ್ರಿ ಕಲಿತದ್ದನ್ನು ಇವತ್ತು ಬೆಳಿಗ್ಗೆ ಇನ್ನೊಬ್ಬರಿಗೆ ಕಲಿಸದೆ ಇದ್ದರೆ ನನಗೆ ಊಟ ಸೇರುವುದಿಲ್ಲ. ಅಪ್ಪ ಸಾಯುವ ಒಂದು ವರ್ಷದ ಹಿಂದೆ ಅಂಗಳಕ್ಕೆ ಹೋಗಿ, ಅವನ ಕೈಯಿಂದ ಖಾಕಿ ಬಟ್ಟೆ ಕಸಿದುಕೊಂಡು, ಓಣಿಯವರಿಗೆಲ್ಲ ಕೇಳುವಂತೆ ಪಾಠ ಮಾಡಿದೆ.

“ಯಪ್ಪಾ, ನೀ ಒರಸೂದಲ್ಲ ಇದು, ಗೀರೂದು. ನನ್ನ ಗಾಡಿ ಹಾಳ ಮಾಡಾಕತ್ತಿ ನೀ.”

ಅಪ್ಪ ಒಮ್ಮೆ ಬಾಗಿಲನ್ನು ನೋಡಿದ, ಒಮ್ಮೆ ನನ್ನನ್ನು. “ಆತ ಬಿಡಪಾ,” ಅಂದ. ಮರುದಿನದಿಂದ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಕಾರನ್ನು ಸುಮ್ಮನೆ ನೋಡುತ್ತಿದ್ದ. ನಾನು ತಂದುಕೊಟ್ಟ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯ ಪೊಟ್ಟಣವನ್ನು ಅವನು ಬಿಚ್ಚಲೇ ಇಲ್ಲ. ಸಿಟ್ಟು ಎಂದು ತಿಳಿದು ನಾನೂ ಬಿಟ್ಟೆ.

ಓಡಿಸುವುದನ್ನು ಅವನು ಅದಕ್ಕೂ ಮೂರು ವರ್ಷ ಮೊದಲೇ ಬಿಟ್ಟಿದ್ದ. ಅದೂ ಒಂದು ಒಗಟಾಗಿಯೇ ಉಳಿದಿತ್ತು. ಕಾರು ಬಂದಾಗಿನಿಂದ ವಾರಕ್ಕೊಮ್ಮೆ ಅದನ್ನು ತೆಗೆದುಕೊಂಡು ಬಬಲೇಶ್ವರ ದಾಟಿ ಜೈನಾಪುರಕ್ಕೆ, ತನ್ನ ತಂಗಿಯ ಮನೆಗೆ ಹೋಗಿ ಬರುತ್ತಿದ್ದ. ಹಳೆಯ ಪ್ರಯಾಣಿಕರು ಕೈ ಮಾಡಿದರೆ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದ. ಅಂಥವನು ಒಂದು ಸೋಮವಾರ ಚಾವಿಯನ್ನು ದೇವರ ಮಾಡದ ಮೇಲಿಟ್ಟು, ಕಣ್ಣು ಸರಿಯಾಗಿ ಕಾಣುವುದಿಲ್ಲ, ಇನ್ನು ಮುಂದೆ ಓಡಿಸುವುದಿಲ್ಲ ಎಂದ. ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಪೊರೆ ತೆಗೆದರು. ಪೇಪರಿನ ಸಣ್ಣ ಅಕ್ಷರ ಓದತೊಡಗಿದ, ಆದರೆ ಚಾವಿ ಮುಟ್ಟಲಿಲ್ಲ. ಜೈನಾಪುರಕ್ಕೆ ಬಸ್ಸಿನಲ್ಲಿ ಹೋಗತೊಡಗಿದ. ಸರಕಾರದ ಗಾಡಿಯಾದರೆ ಓಡಿಸಬಹುದು, ಮಗನ ಗಾಡಿ ಬೇಡ ಎಂದು ನಾನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಚುಚ್ಚಿದ್ದೇನೆ. ಅವನು ರೊಟ್ಟಿ ಮುರಿಯುತ್ತಾ ಕೂತಿರುತ್ತಿದ್ದ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಕಾರಿನ ಬಣ್ಣವನ್ನು ಸರಿಮಾಡಿಸಬೇಕು ಎಂದು ನಿರ್ಧರಿಸಿದೆ. ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ ಗಾಡಿಯ ಬೆಲೆ ಇಳಿಯುತ್ತದೆ ಎಂದು ಏನೋ ಹೇಳಿದೆ. ನಿಜವೆಂದರೆ ಆ ಗೀರುಗಳನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಪ್ರತಿ ಗೀರಿನ ಹಿಂದೆ ನಾನು ಬಟ್ಟೆ ಕಸಿದ ಆ ಬೆಳಗು ಕಾಣುತ್ತಿತ್ತು. ಅವು ಹೋದರೆ ಅದೂ ಹೋಗುತ್ತದೆ ಎಂಬ ಆಸೆ.

ಬೈಪಾಸಿನ ಹತ್ತಿರ ಹೊಸದಾಗಿ ಒಂದು ಡೀಟೇಲಿಂಗ್ ಅಂಗಡಿ, ಕಾರಿನ ಮೈಗೆ ಹೊಳಪು ಕೊಡುವಂಥದ್ದು, ಶುರುವಾಗಿತ್ತು. ಹೋಗಿ ನೋಡಿ ಬಂದೆ. ಕತ್ತಲೆ ಕೋಣೆ, ಸುತ್ತಲೂ ಉದ್ದುದ್ದ ದೀಪ, ನಡುವೆ ಒಂದು ಕಾರು, ಆಪರೇಷನ್ನಿಗೆ ಮಲಗಿಸಿದ ಹಾಗೆ. ಅಂಗಡಿಯ ಮಾಲೀಕ ಮೂವತ್ತರ ಸುಮಾರಿನ, ಮಿತಭಾಷಿಯಾದ ಮನುಷ್ಯ. ಮೊದಲು ತೊಳೆಯುವುದು, ಆಮೇಲೆ ಜಿಗುಟು ಮಣ್ಣಿನಂಥದ್ದನ್ನು ತಿಕ್ಕಿ ಅಂಟಿದ ಕೊಳೆ ಕೀಳುವುದು, ಆಮೇಲೆ ಮಿಷನ್ನಿನಿಂದ ಪಾಲಿಶ್, ಕೊನೆಗೆ ಸೆರಾಮಿಕ್ ಕೋಟಿಂಗ್, ಒಟ್ಟು ಮೂರು ದಿನ ಎಂದು ವಿವರಿಸಿದ. ದರವನ್ನೂ ಹೇಳಿದ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಲೆಕ್ಕ: ಮೇಲೆ ಪಾರದರ್ಶಕ ಪದರ, ಅದರ ಮೇಲೆ ಗೀರು, ಗೀರಿನ ಆಳದಷ್ಟು ಪದರ ಸವೆಸಿದರೆ ಗೀರು ಮಾಯ. ಇಷ್ಟೇ ತಾನೆ. ಇದಕ್ಕೆ ಇನ್ನೊಬ್ಬರು ಯಾಕೆ ಬೇಕು.

ಹೆಂಡತಿಗೆ ನನ್ನ ಮುಖ ನೋಡಿದ ಕೂಡಲೇ ತಿಳಿಯಿತು. “ಗೊತ್ತಿದ್ದವರ ಕೈಯಾಗ ಕೊಡ್ರಿ. ನಿಮಗ ಬಗೀಹರಿಯೂದಲ್ಲ ಅದು,” ಅಂದಳು. ನಳದ ವಾಷರ್ ಬದಲಿಸಲು ಹೋಗಿ ಅಡುಗೆಮನೆಯಲ್ಲಿ ನೀರು ತುಂಬಿಸಿದ್ದು, ಮಿಕ್ಸರ್ ಬಿಚ್ಚಿ ಮತ್ತೆ ಕೂಡಿಸಲಾಗದೆ ಚೀಲದಲ್ಲಿ ಕಟ್ಟಿಟ್ಟದ್ದು, ಎಲ್ಲವನ್ನೂ ನೆನಪಿಸಿದಳು. ಅಷ್ಟು ಸಾಕಾಯಿತು ನನ್ನ ಹಟಕ್ಕೆ. ಇನ್ನೂ ಒಂದು ಕಾರಣವಿತ್ತು, ಅದನ್ನು ಅವಳಿಗೆ ಹೇಳಲಿಲ್ಲ. ಒರೆಸುವುದು ಹೇಗೆ ಎಂದು ಅಪ್ಪನಿಗೆ ತೋರಿಸಬೇಕಾಗಿತ್ತು. ಸತ್ತವನ ಮೇಲೂ ನನ್ನ ಮಾಸ್ತರಿಕೆ ಬಿಟ್ಟಿರಲಿಲ್ಲ.

ಬೇಕಾದ ಸಾಮಾನುಗಳನ್ನು ಫೋನಿನಲ್ಲೇ ತರಿಸಿದೆ. ಸವಳು ನೀರು ಮತ್ತೆ ಕಲೆ ಬಿಡುತ್ತದೆಂದು ಕುಡಿಯುವ ನೀರಿನ ಎರಡು ಕ್ಯಾನು ತಂದು ಕಾರಿಗೆ ಸುರಿದೆ. ಓಣಿಯವರು ಕಾರಿಗೆ ಅಭಿಷೇಕವೇ ಎಂದು ಕೇಳಿ ನಕ್ಕರು. ಕಣಕದಂತೆ ಮೆತ್ತಗಿನ ಉಂಡೆಯೊಂದನ್ನು ಒದ್ದೆ ಮೈಮೇಲೆ ಜಾರಿಸಿದರೆ ಅಂಟಿದ ಚುಕ್ಕೆಗಳೆಲ್ಲ ಅದಕ್ಕೆ ಹತ್ತಿ ಬಂದವು. ಆಮೇಲೆ ಬಿಳಿ ಬಟ್ಟೆಗೆ ರಬ್ಬಿಂಗ್ ಪಾಲಿಶ್ ಹಚ್ಚಿಕೊಂಡು ಕೈಯಿಂದಲೇ ಉಜ್ಜತೊಡಗಿದೆ. ಬಾನೆಟ್ಟಿನ ಕಾಲುಭಾಗಕ್ಕೆ ಅರ್ಧ ಗಂಟೆ ಹಿಡಿಯಿತು. ಭುಜ ಬಿದ್ದುಹೋಯಿತು. ಆದರೆ ಗೀರು ತೆಳುವಾದದ್ದು ಸುಳ್ಳಲ್ಲ. ಸತ್ಯ ಹೇಳಬೇಕೆಂದರೆ ಅಪ್ಪ ಹೋದ ಮೇಲೆ ಅಷ್ಟು ಹೊತ್ತು ಮನಸ್ಸು ಒಂದು ಕಡೆ ನಿಂತದ್ದು ಅವತ್ತೇ.

ಎರಡನೆಯ ಭಾನುವಾರ, ಹೆಚ್ಚು ಮಾಸಿದ್ದು ಅದೇ ಎಂದು, ಎಡಗಡೆಯ ಹಿಂದಿನ ಬಾಗಿಲಿಗೆ ಬಂದೆ. ನಾಲ್ಕು ಸುತ್ತು ಉಜ್ಜಿ ಬಟ್ಟೆ ತಿರುಗಿಸಿ ನೋಡಿದರೆ ಬಟ್ಟೆ ಕೆಂಪಾಗಿತ್ತು. ಸಣ್ಣ ಕಲೆಯಲ್ಲ, ಪೂರಾ ಕೆಂಪು. ಬಾನೆಟ್ಟನ್ನು ಅಷ್ಟು ಹೊತ್ತು ಉಜ್ಜಿದರೂ ಬಟ್ಟೆಗೆ ಬಣ್ಣ ಹತ್ತಿರಲಿಲ್ಲ. ವೀಡಿಯೊದವನು ಒತ್ತಿ ಒತ್ತಿ ಹೇಳಿದ್ದು ನೆನಪಾಯಿತು: ಬಟ್ಟೆಗೆ ಬಣ್ಣ ಬಂತೆಂದರೆ ಮೇಲಿನ ಪದರ ಹರಿದುಹೋಯಿತೆಂದು ಅರ್ಥ, ಅಲ್ಲಿಗೇ ನಿಲ್ಲಿಸಿ. ನಾಲ್ಕು ಸುತ್ತಿಗೆ ಪದರ ಹರಿಸಿದೆನೇ? ಕಾರು ಹಾಳು ಮಾಡುತ್ತಿದ್ದೀಯ ಎಂದು ಅಪ್ಪನ ಮೇಲೆ ಹಾರಾಡಿದವನು ಎರಡೇ ಭಾನುವಾರದಲ್ಲಿ ಅದನ್ನು ನಿಜವಾಗಿ ಹಾಳು ಮಾಡಿದ್ದೆ. ಬಟ್ಟೆಯನ್ನು ಜೇಬಿನಲ್ಲಿ ತುರುಕಿಕೊಂಡೆ. ಹೆಂಡತಿಗೆ ಕಾಣದಂತೆ ಸಾಮಾನು ಎತ್ತಿಟ್ಟು, ಕಾರು ತೆಗೆದುಕೊಂಡು ಬೈಪಾಸಿನ ಅಂಗಡಿಗೆ ಹೋದೆ.

ಆ ಮಾಲೀಕ ನನ್ನ ಕೆಂಪು ಬಟ್ಟೆಯನ್ನೂ ಬಾಗಿಲನ್ನೂ ನೋಡಿದ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವೊಂದನ್ನು ತಂದು ಮುಂದಿನ ಬಾಗಿಲಿಗೆ ಇಟ್ಟ, ಅಂಕಿ ತೋರಿಸಿದ. ಬಾನೆಟ್ಟಿಗೆ ಇಟ್ಟ, ಹೆಚ್ಚೂಕಡಿಮೆ ಅದೇ ಅಂಕಿ. ಹಿಂದಿನ ಬಾಗಿಲಿಗೆ ಇಟ್ಟಾಗ ಅಂಕಿ ಹಲವು ಪಟ್ಟು ಏರಿತು.

“ಸರ, ನೀವೇನೂ ಕೆಡಿಸಿಲ್ಲರಿ. ಈ ಬಾಗಲಾ ಕಂಪನಿ ಬಣ್ಣದ್ದಲ್ಲ. ಒಳಗ ಪುಟ್ಟಿ ತುಂಬಿ ಯಾರೋ ಹೊರಗ ಬಣ್ಣಾ ಹೊಡದಾರ. ಮ್ಯಾಲ ಲ್ಯಾಕರ್ ಅಂದ್ರ ಆ ಪಾರದರ್ಶಕ ಪದರ ಹೊಡದಿಲ್ಲ, ಅದಕ್ಕ ಬಟ್ಟಿಗೆ ಬಣ್ಣ ಹತ್ತೇತಿ.”

ಸಾಧ್ಯವೇ ಇಲ್ಲ ಎಂದೆ. ಹೊಸ ಕಾರನ್ನು ನಾನೇ ಷೋರೂಮಿನಿಂದ ತಂದದ್ದು, ಇವತ್ತಿನವರೆಗೂ ಎಲ್ಲೂ ತಾಗಿಲ್ಲ ಎಂದು ವಾದಿಸಿದೆ. ಅವನು ಮತ್ತೊಮ್ಮೆ ಯಂತ್ರವನ್ನು ಇಟ್ಟು ತೋರಿಸಿದ. ಜೀವನವಿಡೀ ಅಂಕಿಗಳನ್ನು ನಂಬಿ ಎಂದು ಮಕ್ಕಳಿಗೆ ಹೇಳಿದವನು ನಾನು. ಅವನು ಬಾಗಿಲು ತೆರೆದು ಒಳಅಂಚನ್ನು ತೋರಿಸಿದ; ರಬ್ಬರಿನ ಮೇಲೆ ಅಕ್ಕಿಕಾಳಿನಷ್ಟು ಕೆಂಪು ಬಣ್ಣ ಸಿಡಿದಿತ್ತು. ಹಳೆಯ ಕೈ ಕೆಲಸ, ಒಳ್ಳೆಯ ಕೈ, ಆದರೆ ಅವಸರದಲ್ಲಿ ಮಾಡಿದ್ದು ಎಂದ. ಬಾಗಿಲಿಗೆ ಮೊದಲಿನಿಂದ ಬಣ್ಣ ಹೊಡೆದು ಆಮೇಲೆ ಇಡೀ ಕಾರನ್ನು ಪಾಲಿಶ್ ಮಾಡಿಕೊಡುತ್ತೇನೆ, ಯೋಚಿಸಿ ಎಂದು ಹೇಳಿ ಕಳಿಸಿದ.

ಮನೆಗೆ ಬಂದು ಹೆಂಡತಿಯನ್ನು ವಿಚಾರಣೆಗೆ ನಿಲ್ಲಿಸಿದೆ. ಅವಳು ಎರಡು ತಿಂಗಳು ಕಾರು ಕಲಿತಿದ್ದಳು. ಎಲ್ಲಿ ಹಾಯಿಸಿದೆ, ಯಾವಾಗ ಹಾಯಿಸಿದೆ, ನನಗೆ ಯಾಕೆ ಮುಚ್ಚಿಟ್ಟೆ ಎಂದೆಲ್ಲ ಕೇಳಿದೆ. ಅವಳು ಹಿಟ್ಟು ನಾದುತ್ತಿದ್ದ ಕೈಯನ್ನು ತೊಳೆದುಕೊಂಡು ಬಂದು ಎದುರಿಗೆ ಕೂತಳು. ತಾನು ಕಲಿಯುವಾಗ ನಾನು ಪಕ್ಕದಲ್ಲೇ ಕೂತು ಬೈಯುತ್ತಿದ್ದೆನಲ್ಲ, ಹಾಯಿಸಿದ್ದರೆ ನನಗೆ ತಿಳಿಯದೆ ಇರುತ್ತಿತ್ತೇ ಎಂದು ಕೇಳಿದಳು. ಅದು ನಿಜ. ಆಮೇಲೆ ಹೇಳಬೇಕೋ ಬೇಡವೋ ಎಂಬಂತೆ ಇನ್ನೊಂದು ಮಾತು ಹೇಳಿದಳು.

“ನೀವು ಬಟ್ಟಿ ಕಸಗೊಂಡಮ್ಯಾಗನೂ ಮಾವಾರು ಒರಸೂದು ಬಿಟ್ಟಿದ್ದಿಲ್ಲರಿ. ನೀವು ಬೈಕ್ ಮ್ಯಾಲ ಸಾಲಿಗೆ ಹೋಗೂದ ತಡ, ತಮ್ಮ ಹೆಗಲ ಮ್ಯಾಲಿನ ವಸ್ತ್ರಾ ತಗೊಂಡು ಆ ಹಿಂದಿನ ಬಾಗಲಾ ಒಂದ ಒರಸ್ತಿದ್ರು. ನಿಮಗ ಹೇಳಿದ್ರ ಮತ್ತ ಅವರ ಮ್ಯಾಲ ಹಾರಾಡ್ತೀರಿ ಅಂತ ಸುಮ್ನಿದ್ದೆ.”

ಒಂದೇ ಬಾಗಿಲು ಯಾಕೆ ಎಂದು ಅವಳು ಕೇಳಿರಲಿಲ್ಲ. ಆ ವಸ್ತ್ರವನ್ನು ಮಾತ್ರ ತೊಳೆಯಲು ಕೊಡುತ್ತಿರಲಿಲ್ಲವಂತೆ. ಹಿತ್ತಲಲ್ಲಿ ತಾನೇ ತೊಳೆದು, ಗೋಡೆಯ ಆಚೆ ಬದಿಗೆ ಒಣಹಾಕುತ್ತಿದ್ದನಂತೆ. ಖಾಕಿ ಬಟ್ಟೆಗಳನ್ನೂ ಹಾಗೇ ಮಾಡುತ್ತಿದ್ದ, ಅದು ನನಗೂ ನೆನಪಿತ್ತು. ಸೊಸೆಗೆ ಕೆಲಸ ಹೇಳಬಾರದೆಂಬ ಸಂಕೋಚ ಎಂದು ನಾವಿಬ್ಬರೂ ತಿಳಿದಿದ್ದೆವು. ಜೇಬಿನಲ್ಲಿದ್ದ ನನ್ನ ಕೆಂಪು ಬಟ್ಟೆಯನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಅಪ್ಪನ ಬಟ್ಟೆಗಳಿಗೂ ಇದೇ ಬಣ್ಣ ಹತ್ತುತ್ತಿದ್ದಿರಬೇಕು.

ಆಗ ನೆನಪಾದದ್ದು ಅಪ್ಪನ ಮಣ್ಣಿಗೆ ಬಂದಿದ್ದ ಒಬ್ಬ ಮನುಷ್ಯ. ಬಿಳಿ ಗಡ್ಡ, ತಲೆಯ ಮೇಲೆ ಟೋಪಿ, ಉಗುರಿನ ಸಂದಿಯಲ್ಲೆಲ್ಲ ಬಣ್ಣ. ಅಪ್ಪನ ಮುಖ ನೋಡಿ ಹೊರಗೆ ಬಂದವನು ನೇರವಾಗಿ ಕಾರಿನ ಹತ್ತಿರ ಹೋಗಿ, ಬಾಗಿಲಿನ ಮೇಲೆ ಅಂಗೈ ಇಟ್ಟು, ಬಗ್ಗಿ ನೋಡುತ್ತಾ ಬಹಳ ಹೊತ್ತು ನಿಂತಿದ್ದ. ಕಾರಿನ ದಲ್ಲಾಳಿ ಇರಬೇಕು, ಸಾವಿನ ಮನೆಯಲ್ಲೂ ವ್ಯಾಪಾರ ಹುಡುಕುತ್ತಿದ್ದಾನೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಯಾರವನು ಎಂದು ಹೆಂಡತಿಯನ್ನು ಕೇಳಿದೆ. ಇಬ್ರಾಹಿಂಪುರದ ಪೇಂಟರ್ ಚಾಚಾ, ಮಾವನವರು ಸಂಜೆ ತಿರುಗಾಡಲು ಹೋದಾಗ ಅವರ ಗ್ಯಾರೇಜಿನಲ್ಲೇ ಕೂತು ಚಹಾ ಕುಡಿಯುತ್ತಿದ್ದರು ಎಂದಳು. ಅವಳಿಗೆ ಗೊತ್ತಿತ್ತು. ಅಪ್ಪ ಸಂಜೆ ಎಲ್ಲಿಗೆ ಹೋಗುತ್ತಾನೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಸಾಲೆ ಬಿಟ್ಟ ಮೇಲೆ ಕಾರನ್ನು ಇಬ್ರಾಹಿಂಪುರಕ್ಕೆ ಒಯ್ದೆ. ರೈಲು ಹಳಿಯ ಕಡೆಗೆ ಮುಖ ಮಾಡಿದ ತಗಡಿನ ಶೆಡ್ಡು, ಮುಂದೆ ಒಂದು ಕಲ್ಲುಬೆಂಚು. ಚಾಚಾ ಒಬ್ಬರೇ ಇದ್ದರು, ಯಾವುದೋ ಆಟೋದ ಮಡ್‌ಗಾರ್ಡಿಗೆ ಉಪ್ಪುಕಾಗದ ತಿಕ್ಕುತ್ತಿದ್ದರು. ಕಾರು ನಿಂತ ಕೂಡಲೇ ಎದ್ದು ಬಂದರು. ಮೊದಲು ಬಾಗಿಲನ್ನು ನೋಡಿದರು, ಆಮೇಲೆ ನನ್ನನ್ನು.

“ಬಾಗಲಾ ಮಾಸೇತಲ್ಲರಿ ಸರ,” ಅಂದರು. “ಒರಸವರಿಲ್ಲ ಈಗ.”

ಹೋಗಿ ಬೆಂಚಿನ ಮೇಲೆ ಕೂತೆ. ಎಲ್ಲವನ್ನೂ ಹೇಳಿ ಎಂದು ಕೇಳಿಕೊಂಡೆ. ಯಾರಿಗೂ ಹೇಳುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟದ್ದಾಗಿ ಅವರು ಹೇಳಿದರು. ಮಡ್‌ಗಾರ್ಡನ್ನು ಮತ್ತೆ ಕೈಗೆತ್ತಿಕೊಂಡು ಸ್ವಲ್ಪ ತಿಕ್ಕಿದರು, ಕೆಳಗಿಟ್ಟರು. ಮಾತು ಕೊಟ್ಟವರೇ ಹೋದರಲ್ಲ, ಮಗನಿಗೆ ತಿಳಿದರೆ ತಪ್ಪಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಶುರುಮಾಡಿದರು.

ಅದು ಅಪ್ಪ ಓಡಿಸುವುದನ್ನು ಬಿಟ್ಟ ವರ್ಷದ ತೊಗರಿ ರಾಶಿಯ ಕಾಲ. ನಮ್ಮ ಕಡೆ ರೈತರು ಕಟಾವು ಮಾಡಿದ ತೊಗರಿಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗುವ ಬರುವ ಗಾಡಿಗಳ ಗಾಲಿಯೇ ಕಾಳು ಬಿಡಿಸುತ್ತದೆ. ಕಾಳಿನ ರಾಶಿಗೆ ಯಾರೂ ನುಗ್ಗದಿರಲೆಂದು ಸುತ್ತ ಕಲ್ಲಿಡುತ್ತಾರೆ. ಅಪ್ಪ ಮೂವತ್ತು ವರ್ಷ ಬಸ್ಸಿನ ಗಾಲಿಯಿಂದ ಎಷ್ಟು ಜನರ ತೊಗರಿ ಬಡಿದನೋ. ಹೊಲದವರಿಗೆ ಅನುಕೂಲವಾಗಲೆಂದು ವೇಗ ತಗ್ಗಿಸಿ, ಹರವಿನ ಮೇಲೇ ಹಾಯಿಸುತ್ತಿದ್ದ. ಅದು ಅವನ ರೂಢಿ. ಒಂದು ಗುರುವಾರ ಸಂಜೆ ಜೈನಾಪುರದ ಹತ್ತಿರ, ಎದುರು ಬಿಸಿಲಿನಲ್ಲಿ, ರಸ್ತೆಯ ಮೇಲಿನ ಹರವನ್ನು ಕಂಡು ರೂಢಿಯಂತೆ ಕಾರನ್ನು ಅದರ ಮೇಲೇ ಬಿಟ್ಟಿದ್ದಾನೆ. ಹರವಿನ ಆಚೆ ಕಲ್ಲುಗಳಿದ್ದದ್ದು ಕಂಡಿಲ್ಲ. ಕಲ್ಲುಗಳ ನಡುವೆ ತೊಗರಿ ಬಣ್ಣದ ಸೀರೆಯ ಮುದುಕಿಯೊಬ್ಬಳು ಕೂತು ಕಾಳು ಕೇರುತ್ತಿದ್ದದ್ದೂ ಕಂಡಿಲ್ಲ. ಮೊರದ ಸಪ್ಪಳ ಕೇಳಿ ಎಡಕ್ಕೆ ಎಳೆದ. ಕಾರಿನ ಎಡಗಡೆಯ ಹಿಂದಿನ ಬಾಗಿಲು ಸಣ್ಣ ಸೇತುವೆಯ ಕಟ್ಟೆಗೆ ಉಜ್ಜಿಕೊಂಡು ನಿಂತಿತು. ಮುದುಕಿಗೂ ಗಾಲಿಗೂ ಒಂದು ಗೇಣು ಅಂತರ.

ಅಪ್ಪನಿಗೆ ಇಳಿಯಲು ಕಾಲು ಬರಲಿಲ್ಲವಂತೆ. ಆ ಮುದುಕಿಯೇ ಎದ್ದು ಬಂದು, ಪೆಟ್ಟಾಯಿತೇ ಎಂದು ಕೇಳಿ, ತನ್ನ ತಂಬಿಗೆಯ ನೀರು ಕುಡಿಸಿದಳಂತೆ. ಅವಳು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ಎಂದು ಅಪ್ಪ ಇದೇ ಬೆಂಚಿನ ಮೇಲೆ ಕೂತು ಎಷ್ಟೋ ಸಂಜೆ ಹೇಳಿದನಂತೆ. ಆ ರಾತ್ರಿ ತಂಗಿಯ ಮನೆಯಲ್ಲಿ ಉಳಿದು ಮರುದಿನ ಮಧ್ಯಾಹ್ನ ಇಲ್ಲಿಗೆ ಬಂದ. ಚಾಚಾ ಶುಕ್ರವಾರದ ನಮಾಜು ಮುಗಿಸಿ ಬಂದಾಗ ಕಾರಿನ ಪಕ್ಕ ನಿಂತಿದ್ದನಂತೆ, ಬಾಗಿಲಿಗೆ ಅಡ್ಡವಾಗಿ, ಯಾರಿಗೂ ಕಾಣದಂತೆ.

ಆ ಶುಕ್ರವಾರ, ಆ ಶನಿವಾರ ನನಗೆ ಚೆನ್ನಾಗಿ ನೆನಪಿದ್ದವು. ಶನಿವಾರ ಸಂಜೆ ತಿಕೋಟಾದಲ್ಲಿ ನನ್ನ ಜೊತೆಯ ಮಾಸ್ತರರೊಬ್ಬರ ಮನೆಯ ಗೃಹಪ್ರವೇಶದ ಊಟವಿತ್ತು. ಬಸ್ಸಿನಲ್ಲಿ ಹೋದರೆ ಮರ್ಯಾದೆ ಅಲ್ಲ, ಕಾರಿನಲ್ಲೇ ಹೋಗಿ ಇಳಿಯಬೇಕೆಂದು ನನ್ನ ಹಟ. ಅಂದು ನಾನು ಫೋನು ಮಾಡಿದಾಗ ಅಪ್ಪ, ಭಾನುವಾರ ತಂದರೆ ನಡೆಯುತ್ತದೆಯೇ, ತಂಗಿಯ ಮನೆಯಲ್ಲಿ ಸ್ವಲ್ಪ ಕೆಲಸವಿದೆ ಎಂದು ಕೇಳಿದ. ನಾನು ಏನು ಹೇಳಿದೆ ಎಂಬುದು ನನಗೆ ಅಕ್ಷರ ಅಕ್ಷರ ನೆನಪಿದೆ. “ಗಾಡಿ ನಿಂದೇನು? ಸಂಜಿ ಐದಕ್ಕ ಮನಿ ಮುಂದ ಇರಬೇಕು.” ಅಪ್ಪ ಫೋನನ್ನು ಯಾವಾಗಲೂ ಸ್ಪೀಕರಿನಲ್ಲಿ ಇಟ್ಟೇ ಮಾತಾಡುತ್ತಿದ್ದ.

ಚಾಚಾ ಆ ಮಾತನ್ನು ಕೇಳಿಸಿಕೊಂಡಿದ್ದರು. ಅವರು ಅದನ್ನು ನನಗೆ ಹೇಳಲಿಲ್ಲ. ಹೇಳದೆ ದಾಟಿದರು ಎಂಬುದರಿಂದಲೇ ನನಗೆ ತಿಳಿಯಿತು.

“ಬಣ್ಣಾ ಮುಗದಿತ್ತರಿ. ಮ್ಯಾಲ ಲ್ಯಾಕರ್ ಹೊಡದು ಒಂದಿನ ಒಣಗಸಬೇಕು, ಅಂದ್ರ ತಾಳತೈತಿ ಅಂದೆ. ಅಷ್ಟರಾಗ ಫೋನು ಬಂತು. ಬ್ಯಾಡ, ಹಂಗ ಕೊಡು, ನನ್ನ ಮಗಗ ಸಂಜೀಕ ಗಾಡಿ ಬೇಕಾಗೇತಿ ಅಂದ್ರು. ಹಂಗ ಒಯ್ದ್ರ ದಿನಾ ಒರಸಬೇಕಾಗತೈತಿ ಸಾಹೇಬ್ರ, ಬಿಟ್ರ ಸುಣ್ಣದಂಗ ಬೆಳ್ಳಗ ಆಗತೈತಿ ಅಂತ ನಾನ ಹೇಳಿದ್ದೆ. ಒರಸ್ತೀನಿ ಅಂದ್ರು.”

ಒರೆಸಿದ. ಒಂದು ಬಾಗಿಲು ಮಾತ್ರ ಒರೆಸಿದರೆ ಸಂಶಯ ಬಂದೀತೆಂದು ಮೊದಲಿನಂತೆ ಇಡೀ ಕಾರು ಒರೆಸಿದ. ನಾನು ಬಟ್ಟೆ ಕಸಿದುಕೊಂಡ ಮೇಲೆ, ಬೇರೆ ದಾರಿಯಿಲ್ಲದೆ, ನಾನಿಲ್ಲದಾಗ ಅದೊಂದನ್ನೇ ಒರೆಸಿದ. ಕೊನೆಯ ಬಾರಿ ಹಾಸಿಗೆ ಹಿಡಿಯುವ ತನಕ.

ತಿಕೋಟಾದ ಆ ಸಂಜೆಯೂ ಒಂದೊಂದಾಗಿ ಮರಳಿ ಬಂತು. ಅಪ್ಪ ಅಂದು ಹಿಂದಿನ ಸೀಟಿನಲ್ಲಿ ಎಡಕ್ಕೇ ಕೂತಿದ್ದ. ಏನೋ ಬಣ್ಣದ ವಾಸನೆ ಎಂದು ನಾನು ಎರಡು ಸಲ ಅಂದೆ. ಅವನು ಗಾಜು ಇಳಿಸಿದ. ಇಟ್ಟಂಗಿಹಾಳದ ಕಡೆಯ ಧೂಳು ಒಳಗೆ ನುಗ್ಗಿತು, ಹೊಸ ಅಂಗಿ ಹೊಲಸಾಗುತ್ತದೆ ಎಂದು ನಾನು ಕೂಗಾಡಿದೆ. ಅವನು ಗಾಜು ಏರಿಸಲಿಲ್ಲ. ಹೊಸ ಮನೆಯ ಮುಂದೆ ಎಲ್ಲರಿಗಿಂತ ಮೊದಲು ಇಳಿದು, ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಒಳಗೆ ಬಾ ಎಂದು ಕರೆದರೂ ಕತ್ತಲಾಗುವವರೆಗೆ ಅಲ್ಲಿಂದ ಕದಲಲಿಲ್ಲ. ನಮ್ಮಪ್ಪನಿಗೆ ಡಿಪೋದ ಚಟ ಹೋಗಿಲ್ಲ, ಗಾಡಿ ಕಾಯುತ್ತಾರೆ ಎಂದು ನಾನು ಮಾಸ್ತರರ ಗುಂಪಿನಲ್ಲಿ ನಗೆಯಾಡಿದೆ. ಎಲ್ಲರೂ ನಕ್ಕರು. ಮೂರನೆಯ ದಿನ, ಸೋಮವಾರ, ಚಾವಿ ದೇವರ ಮಾಡದ ಮೇಲಿತ್ತು.

ಚಾಚಾರ ಶೆಡ್ಡಿನಲ್ಲಿ ಕೂತು ನಾನು ಅತ್ತೆ. ಐವತ್ತು ದಾಟಿದ ಮಾಸ್ತರ ಅಳುವುದನ್ನು ನೋಡಿ ಅವರು ಒಳಗೆ ಹೋಗಿ ನೀರು ತಂದುಕೊಟ್ಟರು. ನನಗೆ ಯಾಕೆ ಹೇಳಲಿಲ್ಲ, ನಾನು ಅಷ್ಟು ಕೆಟ್ಟವನೇ ಎಂದು ಅವರನ್ನು ಕೇಳಿದೆ, ಅವರಿಗೆ ಉತ್ತರ ಗೊತ್ತಿರುವ ಹಾಗೆ. ಅವರು, ಹಾಗಲ್ಲ, ಆ ಪದಕ ಗೋಡೆಯ ಮೇಲಿತ್ತಲ್ಲ, ಅದು ಅವರಿಗೆ ದೊಡ್ಡದಾಗಿತ್ತು ಎಂದರು. ನನ್ನನ್ನು ಉಳಿಸಲು ಹೇಳಿದ ಮಾತು ಅದು. ಪದಕಕ್ಕಿಂತ ನನ್ನ ಬಾಯಿಗೆ ಅಪ್ಪ ಹೆದರಿದ್ದ. ಮೂವತ್ತು ವರ್ಷ ಎದುರು ಬಂದ ಲಾರಿಗಳಿಗೆ ಹೆದರದವನು ಮಗನ ಬಾಯಿಗೆ ಹೆದರಿ, ಒಂದು ಬಾಗಿಲನ್ನು ನಾಲ್ಕು ವರ್ಷ ಕಾಯ್ದ.

ಬಾಗಿಲನ್ನು ಏನು ಮಾಡುವುದು ಎಂದು ಚಾಚಾ ಕೇಳಿದರು. ಹಾಗೇ ಇರಲಿ ಎಂದೆ ಮೊದಲು. ಮಾಸಿದರೆ ಮಾಸಲಿ, ಅಪ್ಪನ ನೆನಪು ಎಂದೆ. ಹೇಳುವಾಗ ಅದು ದೊಡ್ಡ ಮಾತಿನಂತೆ ನನಗೇ ಅನ್ನಿಸಿತು. ಚಾಚಾ ತಲೆ ಅಲ್ಲಾಡಿಸಿದರು. ಮಾಸಿದ ಬಾಗಿಲನ್ನು ನೋಡಿದವರೆಲ್ಲ ಏನಾಯಿತು ಎಂದು ಕೇಳುತ್ತಾರೆ, ಇಷ್ಟು ದಿನ ಅವರು ಒರೆಸಿದ್ದು ಯಾರೂ ಅದನ್ನು ಕೇಳದಿರಲಿ ಎಂದಲ್ಲವೇ ಎಂದರು. ನನ್ನ ನೆನಪಿನ ಶೋಕಿಗೆ ಅಪ್ಪನನ್ನು ಓಣಿಯ ಮುಂದೆ ನಿಲ್ಲಿಸಲು ಹೊರಟಿದ್ದೆ. ಇದನ್ನೂ ಇನ್ನೊಬ್ಬರೇ ಹೇಳಬೇಕಾಯಿತು.

ಬೈಪಾಸಿನ ಅಂಗಡಿಯವನಿಗೆ ಫೋನು ಮಾಡಿ ಬೇಡ ಎಂದೆ. ಉಳಿದ ಕಾರಿನ ಮೇಲಿನ ಗೀರುಗಳು ಹಾಗೇ ಇವೆ. ನಾನು ಉಜ್ಜಿದ ಬಾನೆಟ್ಟಿನ ಕಾಲುಭಾಗ ಮಾತ್ರ ಫಳಫಳ ಹೊಳೆಯುತ್ತದೆ, ಅದನ್ನು ನೋಡಿದರೆ ನಾಚಿಕೆಯಾಗುತ್ತದೆ. ಬಾಗಿಲನ್ನು ಹಳೆಯ ಕೈಗೇ ಬಿಟ್ಟೆ. ಚಾಚಾ ಈ ಸಲ ಸರಿಯಾಗಿ ಉಜ್ಜಿ, ಮತ್ತೊಮ್ಮೆ ಬಣ್ಣ ಹಾಕಿ, ಅಂದು ಬಿಟ್ಟುಹೋದ ಲ್ಯಾಕರ್ ಹೊಡೆಯುತ್ತೇನೆ ಎಂದರು. ಚಾವಿಯನ್ನು ಅವರ ಕೈಗಿಟ್ಟೆ. ನಡೆದುಕೊಂಡೇ ಮನೆಗೆ ಹೋಗುತ್ತೇನೆ ಎಂದು ಎದ್ದಾಗ ಅವರು, ಎಲ್ಲ ಗಿರಾಕಿಗಳನ್ನೂ ಕೇಳುವ ಹಾಗೆ, ಕೇಳಿದರು.

“ಗಾಡಿ ಯಾವತ್ತ ಬೇಕ್ರಿ?”

“ಅವಸರ ಇಲ್ಲ ಚಾಚಾ,” ಅಂದೆ. “ಪೂರಾ ಒಣಗಲಿ.”

ಆ ಶನಿವಾರ ಇದೇ ಮಾತನ್ನು ಫೋನಿನಲ್ಲಿ ಅಪ್ಪನಿಗೆ ಹೇಳಲು ನನಗೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.